ಮಕ್ಕಳ ಪ್ರಶ್ನೆಗೆ ಮನೆಯಲ್ಲಿ ಉತ್ತರ

(ಧರ್ಮೋಪದೇಶಕಾಂಡ 6ನೆಯ ಅಧ್ಯಾಯ, 20ನೆಯ ವಚನದಿಂದ 25ರ ತನಕ)



ಮೇಲೆ ಸೂಚಿಸಿದ ವಚನಗಳನ್ನು ಮೊದಲು ಸತ್ಯವೇದದಲ್ಲಿ ತೆರೆದು ನಿಧಾನವಾಗಿ ಓದಿಕೊಳ್ಳಬೇಕೆಂದು ನಿಮ್ಮನ್ನು ಬೇಡಿಕೊಳ್ಳುತ್ತೇವೆ. ಓದು ಬಾರದವರು ಮನೆಯ ಮಕ್ಕಳ ಕೈಯಿಂದ ಓದಿಸಿ ಕೇಳಲಿ. ಹಾಗೆ ಓದಿಸುವದರಿಂದಲೇ ನಾವು ಈ ತಿಂಗಳು ಹೇಳಬೇಕೆಂದಿರುವ ಕಾರ್ಯದಲ್ಲಿ ಒಂದು ಪಾಲು ನೆರವೇರುವದು.

ಮೋಶೆಯು ಈ ಮಾತುಗಳನ್ನಾಡಿದಾಗ ಇಸ್ರಾಯೇಲ್ಯರು ಯೊರ್ದನ್ ಹೊಳೆಯ ಆಚೇಕಡೆಯಲ್ಲಿ ಇಳುಕೊಂಡಿದ್ದರು. ಐಗುಪ್ತವನ್ನು ಬಿಟ್ಟು 40 ವರುಷಗಳಾಗಿದ್ದವು. ಅಲ್ಲಿಂದ ದೊಡ್ಡವರಾಗಿ ಹೊರಟವರಲ್ಲಿ ಬಹು ಮಟ್ಟಿಗೆ ಎಲ್ಲರೂ ಅರಣ್ಯದಲ್ಲಿಯೇ ಸತ್ತುಹೋಗಿದ್ದರು. ಮೋಶೆಯ ಮುಂದೆ ನಿಂತಿದ್ದವರಲ್ಲಿ ಕೆಲವರು ಚಿಕ್ಕ ಪ್ರಾಯದಲ್ಲಿ ಸಮುದ್ರವನ್ನು ದಾಟಿ ಬಂದವರು. ಅನೇಕರು ಅರಣ್ಯದಲ್ಲಿ ಗುಡಾರದೊಳಗೆ ಹುಟ್ಟಿದವರು. ಇವರು ನಾಳೆ ಹೊಲವನ್ನೂ ದ್ರಾಕ್ಷೇತೋಟವನ್ನೂ ಪಡೆದು ಮನೆ ಕಟ್ಟಿಕೊಂಡು ಮಕ್ಕಳನ್ನು ಸಾಕುವರು. ಆ ಮಕ್ಕಳು ಐಗುಪ್ತವನ್ನೂ ನೋಡಿಲ್ಲ, ಅರಣ್ಯವನ್ನೂ ನೋಡಿಲ್ಲ. ಹೀಗಿರಲಾಗಿ ಒಂದಾನೊಂದು ದಿನ ಮಗನು ತಂದೆಯ ಮುಖವನ್ನು ನೋಡಿ, ನಮ್ಮ ಮನೆಯಲ್ಲಿ ಈ ವಿಧಿಗಳೂ ಕಟ್ಟಳೆಗಳೂ ಯಾಕಿರುತ್ತವೆಂದು ಕೇಳುವನೆಂಬದನ್ನು ಮೋಶೆಯು ಮುಂಚಿತವಾಗಿಯೇ ತಿಳಿದುಕೊಂಡಿದ್ದನು.

ಅವನು ಆ ಪ್ರಶ್ನೆಯನ್ನು ಉದ್ಧಟತನವೆಂದು ಎಣಿಸಲಿಲ್ಲ. ಮಗನ ಬಾಯಿ ಮುಚ್ಚಿಸೆಂದು ತಂದೆಗೆ ಹೇಳಲಿಲ್ಲ, ಯಾಜಕನ ಬಳಿಗೆ ಕಳುಹಿಸೆಂದೂ ಹೇಳಲಿಲ್ಲ. ತಂದೆಯೇ ಉತ್ತರ ಕೊಡಬೇಕು. ಆ ಉತ್ತರವಾದರೋ ಒಂದು ನಿಯಮವಲ್ಲ, ಒಂದು ವೃತ್ತಾಂತವೇ: ನಾವು ಐಗುಪ್ತದಲ್ಲಿ ದಾಸರಾಗಿದ್ದೆವು, ಯೆಹೋವನು ನಮ್ಮನ್ನು ಹೊರಗೆ ತಂದನು ಎಂಬದಾಗಿ ತಂದೆಯು ಆರಂಭಿಸಬೇಕು. ಅರಣ್ಯದಲ್ಲಿ ಹುಟ್ಟಿದವನು ಫರೋಹನ ಇಟ್ಟಿಗೆಯನ್ನು ಒಂದು ದಿನವೂ ಹೊತ್ತವನಲ್ಲ. ಆದರೂ ಅವನು ‘ನಾವು’ ಅನ್ನಬೇಕು. ಅಜ್ಜನಿಗೆ ದೇವರು ಮಾಡಿದ್ದನ್ನು ತನಗೇ ಮಾಡಿದ ಹಾಗೆ ಎಣಿಸಿ ಹೇಳದಿದ್ದರೆ ಮಗನಿಗೆ ಅದು ಯಾರದೋ ಕಥೆಯಾಗಿ ಕೇಳಿಸುವದು. ಪಸ್ಕದ ಹಬ್ಬದ ವಿಷಯದಲ್ಲಿಯೂ (ವಿಮೋಚನಕಾಂಡ 12:26), ಯೊರ್ದನಿನೊಳಗಿಂದ ಎತ್ತಿ ತಂದು ನಿಲ್ಲಿಸಿದ ಹನ್ನೆರಡು ಕಲ್ಲುಗಳ ವಿಷಯದಲ್ಲಿಯೂ (ಯೆಹೋಶುವ 4:6) ಇದೇ ಕ್ರಮವನ್ನು ಕಾಣುತ್ತೇವೆ. ಮಕ್ಕಳು ನೋಡುವರು, ಆಶ್ಚರ್ಯಪಡುವರು, ಕೇಳುವರು; ಹೆತ್ತವರು ಹೇಳುವರು.

ಈಗ ನಮ್ಮ ಸಭೆಗಳಲ್ಲಿ ನಡೆಯುವ ರೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ನಮ್ಮಲ್ಲಿ ಪ್ರಶ್ನೆ ಕೇಳುವದು ಪುಸ್ತಕ, ಉತ್ತರ ಹೇಳುವದು ಮಗು. ಆದಿತ್ಯವಾರದ ಶಾಲೆಯಲ್ಲಿ ಉಪಾಧ್ಯಾಯಿನಿಯು ಪ್ರಶ್ನೋತ್ತರ ಪುಸ್ತಕವನ್ನು ಹಿಡಿದುಕೊಂಡು ಕೇಳುವಳು. ಮಕ್ಕಳು ಸಾಲಾಗಿ ನಿಂತು ಒಂದೇ ಸ್ವರದಲ್ಲಿ ಒಪ್ಪಿಸುವರು. ತಪ್ಪದೆ ಒಪ್ಪಿಸಿದವನಿಗೆ ಬಹುಮಾನ. ಇದನ್ನು ನಾವು ಹೀನೈಸುವದಿಲ್ಲ. ಬಾಯಿಪಾಠವಾಗಿ ಕಲಿತದ್ದು ಕಷ್ಟಕಾಲದಲ್ಲಿ ತಾನಾಗಿ ನಾಲಿಗೆಗೆ ಬರುವದನ್ನು ರೋಗಿಗಳ ಹಾಸಿಗೆಯ ಬಳಿಯಲ್ಲಿ ಕುಳಿತವರೆಲ್ಲರೂ ಕಂಡಿರುತ್ತಾರೆ. ಆದರೆ ಪುಸ್ತಕವು ಕೇಳದಂಥ ಪ್ರಶ್ನೆಯೊಂದು ಆ ಮಗುವಿನ ಮನಸ್ಸಿನಲ್ಲಿ ಇರುವದಾದರೆ ಅದು ಯಾವಾಗ ಹೊರಗೆ ಬರಬೇಕು? ಯಾರ ಮುಂದೆ?

ಈ ಪ್ರಶ್ನೋತ್ತರ ಪುಸ್ತಕವು ಯಾವ ಸ್ಥಳಕ್ಕಾಗಿ ಬರೆಯಲ್ಪಟ್ಟಿತೆಂಬದನ್ನು ತಿಳಿದರೆ ಅನೇಕರಿಗೆ ಆಶ್ಚರ್ಯವಾದೀತು. 1528ರಲ್ಲಿ ಮಾರ್ಟಿನ್ ಲೂಥರನು ಜರ್ಮನಿಯ ಸಾಕ್ಸನಿ ಸೀಮೆಯ ಹಳ್ಳಿಗಳ ಸಭೆಗಳನ್ನು ಸಂದರ್ಶಿಸುತ್ತಾ ಹೋದನು. ಅಲ್ಲಿ ದೀಕ್ಷಾಸ್ನಾನ ಹೊಂದಿ ಕರ್ತನ ಭೋಜನಕ್ಕೆ ಬರುವವರಿಗೂ ಕರ್ತನ ಪ್ರಾರ್ಥನೆಯಾಗಲಿ, ಹತ್ತು ಆಜ್ಞೆಗಳಾಗಲಿ ತಿಳಿಯದಿರುವದನ್ನು ಕಂಡು ಬಹಳವಾಗಿ ನೊಂದನು. ಮರು ವರುಷ, ಅಂದರೆ 1529ರಲ್ಲಿ, ಚಿಕ್ಕ ಪ್ರಶ್ನೋತ್ತರವನ್ನು ಬರೆದು ಹೊರಡಿಸಿದನು. ಅದು ಪುಸ್ತಕವಾಗುವದಕ್ಕೆ ಮುಂಚೆ ಗೋಡೆಗೆ ಅಂಟಿಸುವ ದೊಡ್ಡ ಕಾಗದಗಳಾಗಿ ಅಚ್ಚಾಯಿತು. ಅದರ ಭಾಗಗಳ ತಲೆಬರಹಗಳಲ್ಲಿ, ಮನೆಯ ಯಜಮಾನನು ತನ್ನ ಮನೆಯವರಿಗೆ ಇದನ್ನು ಸರಳವಾಗಿ ಕಲಿಸತಕ್ಕ ರೀತಿ ಎಂಬ ಅಭಿಪ್ರಾಯವು ಕಾಣುತ್ತದೆ. ಲೂಥರನ ಹಿರೇ ಮಗನಾದ ಹಾನ್ಸನಿಗೆ ಆಗ ಮೂರು ವರುಷವೂ ತುಂಬಿರಲಿಲ್ಲ. ಅಷ್ಟು ಚಿಕ್ಕ ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ನೂರು ಸಾರಿ ‘ಇದು ಏನು’ ಎಂಬ ಮಾತು ಕೇಳಿಸುವದೆಂದು ತಂದೆತಾಯಿಗಳಿಗೆ ನಾವು ಹೇಳಬೇಕಾಗಿಲ್ಲ. ಆ ಚಿಕ್ಕ ಪುಸ್ತಕದಲ್ಲಿ ಪುನಃ ಪುನಃ ಬರುವ ಪ್ರಶ್ನೆಯೂ ಅದೇ. ಹೀಗೆ ಊಟದ ಮೇಜಿಗಾಗಿ ಹುಟ್ಟಿದ್ದು ಕಾಲಕ್ರಮದಲ್ಲಿ ಶಾಲೆಯ ಬೆಂಚಿಗೆ ಹೋಯಿತು.

ನಮ್ಮ ನಾಡಿಗೆ ಅದು ಬಂದದ್ದು ಮಂಗಳೂರಿನ ಮಾರ್ಗವಾಗಿ. 1834ನೆಯ ಅಕ್ಟೋಬರ್ ತಿಂಗಳಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನವರು ಕಲ್ಲೀಕೋಟೆಯಲ್ಲಿ ಹಡಗಿನಿಂದಿಳಿದು, ಆ ತಿಂಗಳ ಕೊನೆಯಲ್ಲಿ ಮಂಗಳೂರಿಗೆ ಬಂದು ನೆಲೆಸಿದರು. ಅವರ ಹಿಂದೆ ಬಂದವರಲ್ಲಿ ಬಹುಜನರು ವುರ್ಟೆಂಬೆರ್ಗ್ ಸೀಮೆಯವರು. ಆ ಸೀಮೆಯಲ್ಲಿ ಲೂಥರನ ಪ್ರಶ್ನೋತ್ತರದೊಂದಿಗೆ ಯೋಹಾನ್ ಬ್ರೆಂಟ್ಸನೆಂಬ ಬೋಧಕನು 1535ರಲ್ಲಿ ಬರೆದದ್ದೂ ಬಳಕೆಯಲ್ಲಿತ್ತು. ಲೂಥರನದು ಹತ್ತು ಆಜ್ಞೆಗಳಿಂದ ಆರಂಭವಾಗುತ್ತದೆ. ಬ್ರೆಂಟ್ಸನದು ಮಗುವಿನ ದೀಕ್ಷಾಸ್ನಾನದಿಂದ, ಅಂದರೆ ನೀನು ಯಾರವನು ಎಂಬ ವಿಷಯದಿಂದ ಆರಂಭವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹಳ್ಳಿಯ ಮಕ್ಕಳಿಗೆ ಈ ಎರಡನೆಯ ಕ್ರಮವೇ ಉತ್ತಮ. ಏನು ಮಾಡಬೇಕೆಂದು ಕೇಳುವದಕ್ಕಿಂತ ಮೊದಲು ತಾನು ಯಾರಿಗೆ ಸೇರಿದವನೆಂದು ಮಗುವು ತಿಳಿಯಬೇಕಾಗಿರುವದು.

1841ರಲ್ಲಿ ಮಂಗಳೂರಿನಲ್ಲಿ ಮಿಶನಿನ ಅಚ್ಚುಕೂಟವು ಕಲ್ಲಚ್ಚಿನಿಂದ ಆರಂಭವಾಯಿತು. ಅಲ್ಲಿಂದ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಪ್ರಶ್ನೋತ್ತರಗಳು, ಕೀರ್ತನೆಗಳು, ಸತ್ಯವೇದದ ಕಥೆಗಳು ಹೊರಬಿದ್ದವು. ಗ್ರೈನರನು ಮತ್ತಾಯನ ಸುವಾರ್ತೆಯನ್ನು ತುಳುವಿಗೆ ತಿರುಗಿಸಿದ್ದು 1842ರಲ್ಲಿ ಅಚ್ಚಾಯಿತು. 1847ರೊಳಗೆ ಹೊಸ ಒಡಂಬಡಿಕೆಯೆಲ್ಲವೂ ತುಳುವಿನಲ್ಲಿ ಬಂತು. ತುಳುವಿನಲ್ಲಿ ಆ ವರೆಗೆ ಅಚ್ಚಿನ ಪುಸ್ತಕಗಳಿರಲಿಲ್ಲ. ಈ ಕೆಲಸಕ್ಕಾಗಿಯೇ ಕನ್ನಡ ಅಕ್ಷರಗಳನ್ನು ಹಿಡಿದುಕೊಂಡರು. ಕನ್ನಡವನ್ನು ಬಲ್ಲವರು ಊರಿನಲ್ಲಿ ಸಾಕಷ್ಟಿರುವಾಗ ಇಷ್ಟು ಕಷ್ಟವು ಯಾಕೆ? ಗದ್ದೆಯಲ್ಲಿ ನೇಜಿ ನೆಡುವ ತಾಯಿಯು ತನ್ನ ಮಗುವನ್ನು ಗದರಿಸುವದೂ ಮುದ್ದಿಸುವದೂ ತುಳುವಿನಲ್ಲಿಯೇ. ಆ ಭಾಷೆಯೊಳಗೆ ಸೇರದ ಉಪದೇಶವು ಮನೆಯ ಹೊಸ್ತಿಲನ್ನು ದಾಟುವದಿಲ್ಲವೆಂದು ಅವರು ಕಂಡುಕೊಂಡರು.

ಈ ಸಂಗತಿಯನ್ನು ಇಂದಿನ ಹೆತ್ತವರು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಸಭೆಯಲ್ಲಿ ಕನ್ನಡವನ್ನೂ ಕೇಳುತ್ತಾರೆ. ‘ನೀತೀಕರಣ’, ‘ಪ್ರಾಯಶ್ಚಿತ್ತ’, ‘ಪವಿತ್ರೀಕರಣ’ ಎಂಬ ಶಬ್ದಗಳನ್ನು ಸ್ಪಷ್ಟವಾಗಿ ಉಚ್ಚರಿಸುವ ಹುಡುಗಿಯನ್ನು ಹತ್ತಿರಕ್ಕೆ ಕರೆದು, ಇದನ್ನು ನಿನ್ನ ಅಜ್ಜಿಗೆ ತುಳುವಿನಲ್ಲಿ ಹೇಗೆ ಹೇಳುತ್ತೀ ಎಂದು ಕೇಳಿ ನೋಡಿರಿ. ಹೇಳಿದರೆ ಅವಳು ಕಲಿತಿದ್ದಾಳೆ. ಸುಮ್ಮನೆ ನಿಂತರೆ ಕಲಿಯಬೇಕಾದದ್ದು ಇನ್ನೂ ಉಂಟು. ಅವಳನ್ನು ಗದರಿಸಬೇಡಿರಿ, ಅಜ್ಜಿಯೊಂದಿಗೆ ಕುಳ್ಳಿರಿಸಿರಿ. ಪಂಚಾಶತ್ತಮ ದಿನದಲ್ಲಿ ಕೂಡಿದವರು ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ದೇವರ ಮಹತ್ತುಗಳನ್ನು ಕೇಳಿದರೆಂದು ಅಪೊಸ್ತಲರ ಕೃತ್ಯಗಳು 2ನೆಯ ಅಧ್ಯಾಯದಲ್ಲಿ ಓದುತ್ತೇವಲ್ಲಾ. ಪವಿತ್ರಾತ್ಮನಿಗೆ ಯಾವ ಭಾಷೆಯೂ ಅಲ್ಪವಲ್ಲ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಭಾರವಾಗಿರುತ್ತದೆ. ಆ ಮೊದಲಿನ ಕಾಲದಲ್ಲಿ ಸಭೆಗೆ ಸೇರಿದವರು ತಾವು ಯಾಕೆ ಕ್ರೈಸ್ತರಾದೆವೆಂಬದನ್ನು ಯಾರೂ ಕಲಿಸದೆ ಬಲ್ಲವರಾಗಿದ್ದರು. ಯಾಕಂದರೆ ಪ್ರತಿಯೊಬ್ಬನೂ ಏನನ್ನಾದರೂ ಬಿಟ್ಟು ಬಂದಿದ್ದನು. 1825ರಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯನು ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಬ್ರಾಹ್ಮಣ ಯುವಕನು; 1844ರ ಜನವರಿಯಲ್ಲಿ ತನ್ನ ಇಬ್ಬರು ಸಂಗಡಿಗರೊಂದಿಗೆ ದೀಕ್ಷಾಸ್ನಾನ ಹೊಂದಿದಾಗ ಮಂಗಳೂರು ಪಟ್ಟಣವೇ ಕಲಕಿಹೋಯಿತು. ಅವನು ಬಂಧುಗಳಿಂದ ಅಗಲಿದನು, ಯುರೋಪಿಗೆ ಹೋಗಿ ಕಲಿತನು, 1851ರಲ್ಲಿ ಬೋಧಕಾಭಿಷೇಕ ಹೊಂದಿ ಬಂದು ಬಲ್ಮಠದ ಸೆಮಿನಾರಿಯಲ್ಲಿ ಕಲಿಸಿದನು. ಅವನ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ತೆಂಗಿನ ತೋಟದ ಗೇಣಿಯನ್ನೂ ಕುಲದವರ ಮನೆಯ ಊಟವನ್ನೂ ಕಳೆದುಕೊಂಡು ಬಂದ ಎಷ್ಟೋ ಹಳ್ಳಿಯವರ ಹೆಸರು ಹಳೇ ದೀಕ್ಷಾಸ್ನಾನದ ದಫ್ತರಗಳಲ್ಲಿ ಮಾತ್ರ ಉಳಿದಿರುತ್ತದೆ. ಅಂಥ ಮನುಷ್ಯನ ಮಗನು ಪ್ರಶ್ನೆ ಕೇಳಿದರೆ ಉತ್ತರಕ್ಕಾಗಿ ಪುಸ್ತಕವನ್ನು ಹುಡುಕಬೇಕಾಗಿರಲಿಲ್ಲ; ತಂದೆಯ ಜೀವಿತವೇ ಉತ್ತರವಾಗಿತ್ತು.

ನೆಲೆ ತಪ್ಪಿ ಬಂದವರ ಹೊಟ್ಟೆಪಾಡಿಗಾಗಿ ಮಿಶನಿನವರು ನೇಯ್ಗೆಯನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು. ಶಾಲೆಗಳನ್ನೂ ಅನಾಥಾಲಯಗಳನ್ನೂ ನಡಿಸಿದರು. ಮಕ್ಕಳಿಗೆ ಕಲಿಸುವದಕ್ಕೆ ಉಪದೇಶಿಯಿದ್ದನು, ಶಾಲಾ ಮಾಸ್ತರನಿದ್ದನು. ದಿನವೆಲ್ಲಾ ದುಡಿದು ಬಂದ ತಂದೆಗೆ ಅದು ದೊಡ್ಡ ಸಹಾಯವೇ ಸರಿ. ಆದರೆ ಆ ಸಹಾಯವು ಒಂದು ಅಭ್ಯಾಸವನ್ನು ಹಿಂದೆ ಬಿಟ್ಟಿತೆಂದು ನಮಗೆ ತೋರುತ್ತದೆ. ಬಟ್ಟೆಯನ್ನು ಮಡಿವಾಳನಿಗೆ ಕೊಡುವ ಹಾಗೆ ಮಕ್ಕಳ ವಿಶ್ವಾಸವನ್ನು ಉಪದೇಶಿಗೆ ಕೊಟ್ಟುಬಿಡುವ ಅಭ್ಯಾಸ ಅದು. ಮಿಶನಿನ ಕಾಲವು ಕಳೆದುಹೋಗಿ ಸಭೆಯು ನಮ್ಮದೇ ಆಗಿ ಎಷ್ಟೋ ವರುಷಗಳಾದವು. ಆ ಅಭ್ಯಾಸವು ಮಾತ್ರ ಹೋಗಲಿಲ್ಲ. ಈಗ ಆರನೆಯ, ಏಳನೆಯ ತಲೆಯ ಮಕ್ಕಳು ನಮ್ಮ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಅವರು ಏನನ್ನೂ ಬಿಟ್ಟು ಬಂದವರಲ್ಲ. ಕ್ರೈಸ್ತ ಹೆಸರು ಅವರಿಗೆ ಮನೆಯ ಹೆಸರಿನಂತೆ ತಾನಾಗಿ ಬಂದದ್ದು. ಯೆಹೋಶುವನ ಸಂತತಿಯವರು ತೀರಿಹೋದ ಮೇಲೆ ಯೆಹೋವನನ್ನೂ ಆತನ ಕಾರ್ಯಗಳನ್ನೂ ಅರಿಯದ ಬೇರೊಂದು ಸಂತತಿಯು ಎದ್ದಿತೆಂದು ನ್ಯಾಯಸ್ಥಾಪಕರು 2:10ರಲ್ಲಿ ಬರೆದಿರುವದು. ಅಲ್ಲಿ ಯಾರೂ ದೇವಾಲಯವನ್ನು ಕೆಡವಲಿಲ್ಲ, ಯಾರೂ ಹಿಂಸೆಪಡಿಸಲಿಲ್ಲ. ಒಂದು ತಲೆಯವರು ಹೇಳುವದನ್ನು ಬಿಟ್ಟರು, ಅಷ್ಟೇ.

ಹಾಗಾದರೆ ಮಕ್ಕಳು ಏನು ಕೇಳುತ್ತಾರೆ, ನಾವು ಏನು ಹೇಳಬೇಕು? ಕೆಲವನ್ನು ನೋಡೋಣ.

ಐದಾರು ವರುಷದ ಮಗುವಿಗೆ ವಿಶ್ವಾಸಪ್ರಮಾಣದ ಮೊದಲನೆಯ ಭಾಗವು ಬಹಳ ಹತ್ತಿರವಾಗಿರುತ್ತದೆ. ಹಲಸಿನ ಮರವನ್ನು ಯಾರು ಮಾಡಿದರು, ರಾತ್ರಿಯಲ್ಲಿ ಸಮುದ್ರವು ಯಾಕೆ ಮೊರೆಯುತ್ತದೆ ಎಂದು ಅದು ಕೇಳುವಾಗ ಸೃಷ್ಟಿಕರ್ತನಾದ ತಂದೆಯ ಕಡೆಗೆ ಬಾಗಿಲು ತೆರೆದಿರುವದು. ಲೂಥರನು ಈ ಭಾಗವನ್ನು ವಿವರಿಸುವಾಗ ಅನ್ನ, ಬಟ್ಟೆ, ಮನೆ, ಹೊಲ, ದನಕರುಗಳ ವರೆಗೂ ಇಳಿದು ಹೇಳುತ್ತಾನೆ. ನೀವೂ ಹಾಗೆಯೇ ಮಾಡಿರಿ. ನಿಮ್ಮ ಹಟ್ಟಿಯ ಹಸುವಿನ ಹೆಸರನ್ನೇ ಹೇಳಿರಿ. ಇಲ್ಲಿ ಹೆಚ್ಚು ಬೋಧನೆಯು ಬೇಡ.

ಸ್ವಲ್ಪ ದೊಡ್ಡವನಾದ ಮೇಲೆ ಹುಡುಗನು ಇನ್ನೊಂದನ್ನು ಕೇಳುವನು. ನೆರೆಮನೆಯಲ್ಲಿ ಭೂತದ ಕೋಲ ನಡೆಯುತ್ತದೆ. ತೆಂಬರೆಯ ಶಬ್ದವು ರಾತ್ರಿಯೆಲ್ಲಾ ಕೇಳಿಸುತ್ತದೆ. ಶಾಲೆಯ ಗೆಳೆಯರೆಲ್ಲರೂ ಅಲ್ಲಿರುತ್ತಾರೆ. ನಾವು ಯಾಕೆ ಅದರಲ್ಲಿ ಸೇರುವದಿಲ್ಲ? ಇದು ಮೊದಲನೆಯ ಆಜ್ಞೆಯನ್ನು ಕುರಿತ ಪ್ರಶ್ನೆಯೇ. ಕೆಲವರು ಇದಕ್ಕೆ ನೆರೆಯವರನ್ನು ನಿಂದಿಸಿ ಉತ್ತರಿಸುತ್ತಾರೆ. ಕೆಲವರು ಹೆದರಿಸಿ ಉತ್ತರಿಸುತ್ತಾರೆ. ಎರಡೂ ಸರಿಯಲ್ಲ. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯೂ ಅದೇ ಕಲ್ಲಿನ ಹಲಗೆಗಳಲ್ಲಿ ಬರೆಯಲ್ಪಟ್ಟಿತ್ತು. ಅವರು ತಮ್ಮ ಹಿರಿಯರು ತೋರಿಸಿದ ರೀತಿಯಲ್ಲಿ ಭಯಭಕ್ತಿಯಿಂದ ನಡೆಯುತ್ತಾರೆ, ಅವರನ್ನು ನಾವು ಗೌರವಿಸುತ್ತೇವೆ, ಅವರ ಮನೆಯ ಕಷ್ಟಸುಖಗಳಿಗೆ ಹೋಗುತ್ತೇವೆ. ಆದರೆ ನಮ್ಮ ಪ್ರಾಣವನ್ನೂ ಬೆಳೆಯನ್ನೂ ರೋಗವನ್ನೂ ನಾವು ಒಬ್ಬಾತನ ಕೈಯಲ್ಲಿ ಒಪ್ಪಿಸಿದ್ದೇವೆ, ಆತನು ಕ್ರಿಸ್ತನಲ್ಲಿ ನಮ್ಮನ್ನು ಹೆಸರು ಹಿಡಿದು ಕರೆದನು, ಆದಕಾರಣ ಮತ್ತಾರಿಗೂ ಹರಕೆ ಹೊರುವದಿಲ್ಲ ಎಂದು ಹೇಳಿರಿ. ಹಾಗೆ ಹೇಳಿದ ತಂದೆಯು ಮಗುವಿಗೆ ಜ್ವರ ಬಂದಾಗ ಗುಟ್ಟಾಗಿ ಬೇರೆ ಕಡೆಗೆ ಹೋಗಿ ಕೇಳಿಸಿದರೆ ಆ ಹುಡುಗನು ಅದನ್ನೂ ನೋಡುವನು.

ಮೂವರಾಗಿದ್ದರೂ ದೇವರು ಒಬ್ಬನೇ ಹೇಗೆ? ಈ ಪ್ರಶ್ನೆಗೆ ನೀರು, ಮಂಜುಗಡ್ಡೆ, ಆವಿ ಎಂಬ ಹೋಲಿಕೆಯನ್ನು ಹೇಳುವ ರೂಢಿಯುಂಟು. ಮೂರು ದಳದ ಎಲೆಯನ್ನು ತೋರಿಸುವವರೂ ಇದ್ದಾರೆ. ಇವು ಬೇಡವೆಂದು ನಾವು ಹೇಳುತ್ತೇವೆ. ನೀರು ಒಂದೇ ವೇಳೆಯಲ್ಲಿ ಮೂರೂ ಆಗಿರುವದಿಲ್ಲ. ಎಲೆಯ ಒಂದು ದಳವು ಪೂರ್ಣ ಎಲೆಯಲ್ಲ. ಹದಿಮೂರು ವರುಷದ ಜಾಣ ಹುಡುಗಿಯು ಇದನ್ನು ಕೂಡಲೆ ಕಂಡುಹಿಡಿಯುವಳು. ಅದರ ಬದಲಿಗೆ ಮತ್ತಾಯ 3ನೆಯ ಅಧ್ಯಾಯದ ಕೊನೆಯನ್ನು ಓದಿಸಿರಿ. ಮಗನು ಹೊಳೆಯ ನೀರಿನಲ್ಲಿ ನಿಂತಿದ್ದಾನೆ, ಆತ್ಮನು ಪಾರಿವಾಳದಂತೆ ಇಳಿಯುತ್ತಾನೆ, ತಂದೆಯ ಸ್ವರವು ಪ್ರಿಯ ಮಗನೆಂದು ಸಾಕ್ಷಿ ಹೇಳುತ್ತದೆ. ಆ ಮೇಲೆ ಹೇಳಿರಿ: ನಿನ್ನನ್ನು ನೀರಿಗೆ ಹಿಡಿದಾಗ ಬೋಧಕರು ಈ ಮೂವರ ಒಂದೇ ನಾಮದಲ್ಲಿ ದೀಕ್ಷಾಸ್ನಾನ ಮಾಡಿಸಿದರು. ಇದನ್ನು ಪೂರ್ಣವಾಗಿ ಅಳೆಯುವ ಅಳತೆ ನಮ್ಮಲ್ಲಿಲ್ಲ. ಆದರೆ ನಮ್ಮ ಮನೆಯ ಪ್ರಾರ್ಥನೆಯು ತಂದೆಯ ಕಡೆಗೆ, ಮಗನ ಮೂಲಕ, ಆತ್ಮನ ಸಹಾಯದಿಂದ ಹೋಗುವದನ್ನು ದಿನಾಲೂ ಕೇಳುತ್ತೀಯಲ್ಲಾ.

ಎಲ್ಲಕ್ಕಿಂತ ಆಳವಾದ ಪ್ರಶ್ನೆಯು ಶಿಲುಬೆಯ ವಿಷಯವಾದದ್ದು. ದೇವರು ಕ್ಷಮಿಸಬೇಕೆಂದಿದ್ದರೆ ಸುಮ್ಮನೆ ಕ್ಷಮಿಸಬಹುದಿತ್ತಲ್ಲಾ, ಮಗನು ಯಾಕೆ ಸಾಯಬೇಕಾಯಿತು? ಇಲ್ಲಿ ದೊಡ್ಡ ಶಬ್ದಗಳನ್ನು ಬಿಟ್ಟು ಹೀಗೆ ಆರಂಭಿಸಬಹುದು. ನಿನ್ನ ಗೆಳೆಯನು ಆಡುತ್ತಾ ನಮ್ಮ ನೀರಿನ ಕೊಡವನ್ನು ಒಡೆದನೆಂದು ಎಣಿಸು. ನಾವು ಅವನಿಂದ ಹಣ ಕೇಳಬಹುದು. ಕೇಳದೆ ಕ್ಷಮಿಸಿದೆವಾದರೆ ಕೊಡವು ತಾನಾಗಿ ಕೂಡಿಕೊಳ್ಳುವದೋ? ಇಲ್ಲ. ಹೊಸ ಕೊಡದ ಬೆಲೆಯನ್ನು ನಾವೇ ಕೊಡಬೇಕು. ಕ್ಷಮಿಸಿದವನು ನಷ್ಟವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಕ್ಷಮೆಯು ಬಿಟ್ಟಿಯಾಗಿ ಸಿಕ್ಕುವದು ಕ್ಷಮೆ ಹೊಂದುವವನಿಗೆ ಮಾತ್ರ. ಮನುಷ್ಯರು ಒಡೆದದ್ದು ಕೊಡವಲ್ಲ. ದೇವರು ಅದರ ನಷ್ಟವನ್ನು ಬೇರೊಬ್ಬ ನಿರಪರಾಧಿಯ ಮೇಲೆ ಹೊರಿಸಲಿಲ್ಲ, ತನ್ನ ಮಗನಲ್ಲಿ ತಾನೇ ಹೊತ್ತುಕೊಂಡನು. ಈ ಹೋಲಿಕೆಯಲ್ಲಿಯೂ ಕೊರತೆಗಳಿರುವವು. ಸಾವು, ಪಾಪದ ದಾಸತ್ವ, ಪುನರುತ್ಥಾನದ ಜಯ, ಇವೆಲ್ಲಾ ಇದರಲ್ಲಿ ಬರುವದಿಲ್ಲ. ಆದರೆ ಮಗುವು ಇಷ್ಟರ ಮೇಲೆ ನಿಂತು ಮುಂದಿನದನ್ನು ಕೇಳಬಹುದು. ಆ ದಿನವೇ ಎಲ್ಲವನ್ನೂ ಹೇಳಿ ತೀರಿಸಬೇಕೆಂಬ ಅವಸರವು ಬೋಧಕರಲ್ಲಿಯೂ ಹೆತ್ತವರಲ್ಲಿಯೂ ಇರುತ್ತದೆ. ಅದು ನೇಜಿಯ ಗದ್ದೆಗೆ ಮಳೆಗಾಲದ ನೀರನ್ನೆಲ್ಲಾ ಒಂದೇ ದಿನದಲ್ಲಿ ಬಿಡುವಂಥದು.

ಹದಿನಾಲ್ಕು, ಹದಿನೈದು, ಹದಿನಾರು ವರುಷದವರ ಪ್ರಶ್ನೆಗಳು ಬೇರೆ ತರದವು. ಅವರು ಹಳ್ಳಿಯನ್ನು ಬಿಟ್ಟು ಬಸ್ಸಿನಲ್ಲಿ ಮಂಗಳೂರಿನ ಕಾಲೇಜುಗಳಿಗೆ ಹೋಗುತ್ತಾರೆ. ಹಿಂದೂ, ಮುಸಲ್ಮಾನ, ಜೈನ, ಕಥೋಲಿಕ ಗೆಳೆಯರು ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಕೈಯಲ್ಲಿರುವ ಮೊಬೈಲಿನೊಳಗೆ ಎಲ್ಲಾ ಪ್ರಶ್ನೆಗಳಿಗೂ ಕ್ಷಣದಲ್ಲಿ ಉತ್ತರ ಕೊಡುವವರು ಇದ್ದಾರೆ. ನನ್ನ ಗೆಳೆಯನು ನನಗಿಂತ ಒಳ್ಳೆಯವನು, ಅವನ ಗತಿಯೇನು? ಭೂಮಿಯು ಕೋಟಿಗಟ್ಟಲೆ ವರುಷಗಳ ಹಿಂದಿನದೆಂದು ಪಾಠದಲ್ಲಿದೆ, ಆರು ದಿನಗಳ ಮಾತೇನು? ತಂಗಿಗಾಗಿ ಅಷ್ಟು ಪ್ರಾರ್ಥಿಸಿದೆವು, ಅವಳು ಯಾಕೆ ಸತ್ತಳು?

ಇವುಗಳಲ್ಲಿ ಎರಡನೆಯದು ಸುಲಭವಾದದ್ದು. ಆದಿಕಾಂಡದ ಮೊದಲನೆಯ ಅಧ್ಯಾಯವು ಸೃಷ್ಟಿಕರ್ತನು ಯಾರು, ಸೃಷ್ಟಿಯು ಆತನ ದೃಷ್ಟಿಯಲ್ಲಿ ಎಂಥದು ಎಂಬದನ್ನು ತಿಳಿಸುತ್ತದೆ. ಬಂಡೆಗಳ ಪ್ರಾಯವನ್ನು ಬಂಡೆಗಳಲ್ಲಿಯೇ ಹುಡುಕಲು ದೇವರು ನಮಗೆ ಬುದ್ಧಿಯನ್ನು ಕೊಟ್ಟಿದ್ದಾನೆ. ವಿಜ್ಞಾನದ ಪಾಠವನ್ನು ಓದುವ ಮಗನಿಗೆ ಹೆದರಬೇಡಿರಿ. ಗೆಳೆಯನ ವಿಷಯವಾದ ಪ್ರಶ್ನೆಗೆ ನಾವು ನ್ಯಾಯಾಧಿಪತಿಯ ಪೀಠದಲ್ಲಿ ಕುಳಿತು ಉತ್ತರಿಸುವದಿಲ್ಲ. ಆ ಪೀಠವು ಕ್ರಿಸ್ತನದು. ಆತನ ಕೈಗಳಲ್ಲಿ ಮೊಳೆಯ ಗಾಯಗಳಿವೆ. ನಾವು ಸಾಕ್ಷಿಗಳು. ಕ್ರಿಸ್ತನ ಹೊರತು ಬೇರೆ ರಕ್ಷಕನನ್ನು ನಾವು ಅರಿಯೆವೆಂದು ಹೇಳುವದಕ್ಕೆ ಸಾಕ್ಷಿಗೆ ಅಧಿಕಾರವುಂಟು, ತೀರ್ಪು ಕೊಡುವದಕ್ಕೆ ಇಲ್ಲ. ಮೂರನೆಯ ಪ್ರಶ್ನೆಯು ಬಂದಾಗ ಬೇಗನೆ ಬಾಯಿ ತೆರೆಯಬೇಡಿರಿ. ಯೋಬನ ಮೂವರು ಸ್ನೇಹಿತರು ಏಳು ದಿನಗಳ ವರೆಗೆ ನೆಲದ ಮೇಲೆ ಅವನ ಸಂಗಡ ಸುಮ್ಮನೆ ಕುಳಿತರು (ಯೋಬ 2:13). ಅವರು ಮಾಡಿದ ಕೆಲಸಗಳಲ್ಲಿ ಅದೇ ಉತ್ತಮವಾದದ್ದು. ಕೆಟ್ಟದ್ದು ಮಾತನಾಡಲಾರಂಭಿಸಿದ ಮೇಲೆ. ಮಗಳೊಂದಿಗೆ ಅಳಿರಿ. ಲಾಜರನ ಸಮಾಧಿಯ ಬಳಿಯಲ್ಲಿ ಕರ್ತನೂ ಅತ್ತನೆಂಬದನ್ನು ಆ ಮೇಲೆ ಓದಿರಿ.

ಸಂಶಯವನ್ನು ಬಾಯಿಬಿಟ್ಟು ಹೇಳಿದ ಮಗನನ್ನು ದೇವದ್ರೋಹಿಯೆಂದು ಬಯ್ಯುವ ಹಿರಿಯರಿಗೆ ನಾವು ತೋಮನ ವೃತ್ತಾಂತವನ್ನು ಜ್ಞಾಪಕಪಡಿಸುತ್ತೇವೆ. ಅವನು ಸಂಶಯಪಟ್ಟು ಎಂಟು ದಿನಗಳಾದ ಮೇಲೆಯೂ ಉಳಿದ ಶಿಷ್ಯರು ಅವನನ್ನು ಹೊರಗೆ ಹಾಕಿರಲಿಲ್ಲ. ಹೊರಗೆ ಹಾಕಿದ್ದರೆ ಕರ್ತನು ಬಂದಾಗ ಅವನು ಆ ಕೋಣೆಯಲ್ಲಿ ಇರುತ್ತಿರಲಿಲ್ಲ.

ಇನ್ನು ದೃಢೀಕರಣದ ವಿಷಯವಾಗಿ ಒಂದು ಮಾತು. ಸುಧಾರಿಸಿದ ಸಭೆಗಳಲ್ಲಿ ಈ ಪದ್ಧತಿಯು 1539ರಲ್ಲಿ ಹೆಸ್ಸೆನ್ ಸೀಮೆಯ ಝೀಗನ್‌ಹೈನ್ ಎಂಬಲ್ಲಿ ಏರ್ಪಟ್ಟಿತು. ಶಿಶುವಿನ ದೀಕ್ಷಾಸ್ನಾನದಲ್ಲಿ ಹೆತ್ತವರು ಮಾಡಿದ ಪ್ರತಿಜ್ಞೆಯನ್ನು ಪ್ರಾಯಕ್ಕೆ ಬಂದವನು ತನ್ನ ಬಾಯಿಂದ ಸಭೆಯ ಮುಂದೆ ಹೇಳಬೇಕೆಂಬದೇ ಇದರ ಉದ್ದೇಶ. ನಮ್ಮಲ್ಲಿ ಆ ದಿನವು ಸಂಭ್ರಮದಿಂದ ನಡೆಯುತ್ತದೆ. ಹುಡುಗಿಯರಿಗೆ ಬಿಳೀ ಬಟ್ಟೆ, ಹುಡುಗರಿಗೆ ಹೊಸ ಅಂಗಿ, ಮನೆಯಲ್ಲಿ ಕೋರಿರೊಟ್ಟಿ, ನೆಂಟರು, ಛಾಯಾಚಿತ್ರ. ಸಂತೋಷಪಡುವದು ಒಳ್ಳೇದು. ಆದರೆ ಕೆಲವರಿಗೆ ಅದು ಶಾಲೆಯಿಂದ ಬಿಡುಗಡೆಯಾಗುವ ದಿನವಾಗಿ ಬಿಡುತ್ತದೆ. ಮುಂದಿನ ಆದಿತ್ಯವಾರದಲ್ಲಿ ಆ ಬೆಂಚು ಬರಿದಾಗಿರುವದನ್ನು ನಾವು ಅನೇಕ ಸಭೆಗಳಲ್ಲಿ ನೋಡಿದ್ದೇವೆ. ಅವರು ದುಷ್ಟರಾದರೆಂದು ಹೇಳಲಾರೆವು. ಪುಸ್ತಕವು ಕೇಳಿದ್ದಕ್ಕೆಲ್ಲಾ ಅವರು ಉತ್ತರ ಕೊಟ್ಟಾಯಿತು. ಅವರು ಕೇಳಬೇಕೆಂದಿದ್ದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಆದದರಿಂದ ದೃಢೀಕರಣದ ತರಗತಿಗೆ ಮಕ್ಕಳನ್ನು ಕಳುಹಿಸುವ ತಿಂಗಳುಗಳಲ್ಲಿ ವಾರಕ್ಕೆ ಒಂದು ಸಂಜೆ ಪುಸ್ತಕವನ್ನು ತಿರುಗಿಸಿ ಹಿಡಿಯಿರಿ. ಮಗನು ಕೇಳಲಿ, ತಂದೆತಾಯಿಗಳು ಹೇಳಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಮಗನನ್ನು ಒಬ್ಬನಾಗಿ ಕಳುಹಿಸದೆ ಅವನ ಜೊತೆಯಲ್ಲಿಯೇ ಬೋಧಕರ ಮನೆಗೆ ಹೋಗಿರಿ. ತಂದೆಯೂ ಕಲಿಯುವವನೆಂದು ಕಂಡ ಮಗನಿಗೆ ಕಲಿಯುವದರಲ್ಲಿ ನಾಚಿಕೆಯಿರುವದಿಲ್ಲ. ಚಿಕ್ಕ ಮಕ್ಕಳಿರುವ ಮನೆಗಳಿಗೆ ಕಥೆಗಳಿಂದ ಆರಂಭಿಸುವದು ಲೇಸು. ಕಾಲ್ವ್ ಪಟ್ಟಣದ ಡಾಕ್ಟರ್ ಬಾರ್ಥನು 1832ರಲ್ಲಿ ಬರೆದು, ಮಂಗಳೂರಿನ ಮಿಶನಿನವರು ಕನ್ನಡಕ್ಕೆ ತಂದ ಕಥೆಗಳ ಪುಸ್ತಕದಲ್ಲಿ ಹಳೇ ಒಡಂಬಡಿಕೆಯಿಂದ 52, ಹೊಸ ಒಡಂಬಡಿಕೆಯಿಂದ 52 ಕಥೆಗಳಿದ್ದವು, ವಾರಕ್ಕೆ ಎರಡರಂತೆ ಒಂದು ವರುಷಕ್ಕೆ. ಆ ಪುಸ್ತಕವು ಸಿಕ್ಕದಿದ್ದರೂ ಲೆಕ್ಕವು ನಮಗೆ ಸಿಕ್ಕಿತಲ್ಲಾ.

ನಮಗೆ ಓದು ಬಾರದು, ನಾವು ಕೂಲಿಯವರು, ನಾವು ಏನು ಕಲಿಸಲಾಪೆವು ಎಂದು ಹೇಳುವ ತಾಯಂದಿರೇ, ತಿಮೊಥೆಯನ್ನು ನೋಡಿರಿ. ಅವನ ತಂದೆಯು ಗ್ರೀಕನು; ಮಗನಿಗೆ ವೇದವನ್ನು ಕಲಿಸಿದ್ದು ಅವನೆಂದು ಎಲ್ಲಿಯೂ ಬರೆದಿಲ್ಲ. ಪೌಲನು ಜ್ಞಾಪಕಮಾಡಿಕೊಳ್ಳುವದು ಅಜ್ಜಿಯಾದ ಲೋವಿಯನ್ನೂ ತಾಯಿಯಾದ ಯೂನಿಕೆಯನ್ನೂ (2 ತಿಮೊಥೆಯನಿಗೆ 1:5). ಆ ಇಬ್ಬರು ಸ್ತ್ರೀಯರು ಯಾವ ಪುಸ್ತಕವನ್ನೂ ಬರೆಯಲಿಲ್ಲ. ನಿಮ್ಮ ಅಜ್ಜಿಯು ಯಾಕೆ ಸಭೆಗೆ ಸೇರಿದಳು, ನಿಮ್ಮ ಮನೆಯಲ್ಲಿ ದೇವರು ಯಾವ ಕಷ್ಟದಲ್ಲಿ ಕೈ ಹಿಡಿದನು, ಯಾವ ಪ್ರಾರ್ಥನೆಗೆ ಇನ್ನೂ ಉತ್ತರ ಬಂದಿಲ್ಲ, ಇವನ್ನು ನಿಮ್ಮ ಹೊರತು ಯಾವ ಬೋಧಕನೂ ನಿಮ್ಮ ಮಕ್ಕಳಿಗೆ ಹೇಳಲಾರನು.

ಕರ್ತನ ಬಾಲ್ಯದಿಂದ ನಮಗೆ ಒಂದೇ ಒಂದು ಸಂಗತಿಯು ಉಳಿದಿರುವದು. ಹನ್ನೆರಡು ವರುಷದವನಾಗಿ ಆತನು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತಿದ್ದನು. ಆಗ ಆತನು ಅವರಿಗೆ ಉಪದೇಶ ಮಾಡುತ್ತಿದ್ದನೆಂದು ಚಿತ್ರಗಳನ್ನು ನೋಡಿದ ಅನೇಕರು ಎಣಿಸುತ್ತಾರೆ. ಲೂಕನು ಮೊದಲು ಹೇಳುವದಾದರೋ, ಆತನು ಅವರ ಮಾತನ್ನು ಕೇಳುತ್ತಾ ಪ್ರಶ್ನೆಗಳನ್ನು ಹಾಕುತ್ತಾ ಇದ್ದನೆಂದೇ (ಲೂಕ 2:46). ತಾಯಿಯು ಹುಡುಕಿಕೊಂಡು ಬಂದಾಗ ಆತನು ಆಡಿದ ಮಾತೂ ಪ್ರಶ್ನೆಯಾಗಿಯೇ ಇರುತ್ತದೆ. ಲೂಕನ ಸುವಾರ್ತೆಯಲ್ಲಿ ನಾವು ಓದುವ ಆತನ ಮೊದಲನೆಯ ಮಾತು ಅದೇ. ಮರಿಯಳಿಗೆ ಅದು ಪೂರ್ಣವಾಗಿ ತಿಳಿಯಲಿಲ್ಲ. ಆದರೂ ಅವಳು ಅದನ್ನು ಅಲ್ಲಗಳೆಯದೆ ಮನಸ್ಸಿನಲ್ಲಿ ಇಟ್ಟುಕೊಂಡಳು.

ಆಟಿ ತಿಂಗಳಲ್ಲಿ ಗದ್ದೆಯ ಕೆಲಸ ಕಡಿಮೆ, ಹೊರಗೆ ಮಳೆ, ಮನೆಯವರೆಲ್ಲರೂ ಒಂದೇ ಮಾಡಿನ ಕೆಳಗೆ ಇರುತ್ತಾರೆ. ಆ ದಿನಗಳಲ್ಲಿ ಇದನ್ನು ಆರಂಭಿಸಬಹುದು. ಸಂಜೆಯ ಕುಟುಂಬ ಪ್ರಾರ್ಥನೆಯು ಮುಗಿದು ಕೀರ್ತನೆಯ ಪುಸ್ತಕವನ್ನು ಮುಚ್ಚಿದ ಮೇಲೆ ಕೂಡಲೆ ಏಳದೆ, ಓದಿದ್ದರಲ್ಲಿ ಏನಾದರೂ ಕೇಳುವದುಂಟೋ ಎಂದು ಮಕ್ಕಳನ್ನು ವಿಚಾರಿಸಿ ಸುಮ್ಮನೆ ಕುಳಿತುಕೊಳ್ಳಿರಿ. ಮೊದಲನೆಯ ವಾರ ಅವರು ಒಬ್ಬರನ್ನೊಬ್ಬರು ನೋಡಿ ನಗುವರು. ಎರಡನೆಯ ವಾರ ಚಿಕ್ಕವನು ನೋಹನ ನಾವೆಯಲ್ಲಿ ಸೊಳ್ಳೆಗಳು ಇದ್ದವೋ ಎಂದು ಕೇಳುವನು. ಅದಕ್ಕೂ ನಗದೆ ಉತ್ತರ ಕೊಡಿರಿ. ದೊಡ್ಡವಳು ಆ ವರೆಗೆ ಗೋಡೆಗೊರಗಿ ಸುಮ್ಮನೆ ಕುಳಿತಿದ್ದು, ಚಿಕ್ಕವನಿಗೆ ಸಿಕ್ಕಿದ ಉತ್ತರವನ್ನು ನೋಡಿಕೊಂಡು, ಬಹುಶಃ ಮೂರನೆಯ ವಾರದಲ್ಲಿ, ಎಲ್ಲರೂ ಎದ್ದು ಹೋದ ಮೇಲೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುವಳು. ಆಗ ಒಲೆಯ ಮೇಲೆ ಏನಿದ್ದರೂ ಇಳಿಸಿಡಿರಿ.